‘ಹೊಂದಿಕೋತಾಳ ಬಿಡ್ರಿ’ ಅನ್ನೋ ಮಾತಿಗೆ ನನ್ನ ತಕರಾರು

ಅಕ್ಕಾರ, ತಂಗ್ಯಾರ, ಓಣಿಯ ಗೆಳತ್ಯಾರ, ಇವತ್ತ ಅಡಗಿ ಮಾತಿಲ್ಲ, ಉಪ್ಪಿನಕಾಯಿ ಮಾತಿಲ್ಲ. ಇವತ್ತ ಒಂದು ಮಾತಿನ ಮ್ಯಾಲೆ ಜಗಳಾ ತಗೀಬೇಕಂತ ಕುಂತೀನಿ. ಆ ಮಾತು, ‘ಹೊಂದಿಕೋತಾಳ ಬಿಡ್ರಿ’.

ಗಂಡಗ ಬ್ಯಾರೆ ಊರಿಗೆ ವರ್ಗ ಆತಂದ್ರ ಮನಿ ಮಂದಿ ಎಲ್ಲಾ ಕೂತು ಪಗಾರದ ಮಾತಾಡತಾರ, ಸಾಲಿ ಮಾತಾಡತಾರ, ಬಾಡಿಗಿ ಮಾತಾಡತಾರ. ಕಡೀಕ ಯಾರರೆ ಒಬ್ಬರು ‘ಆಕೀದೇನು?’ ಅಂತ ಕೇಳಿದ್ರ, ‘ಹೊಂದಿಕೋತಾಳ ಬಿಡ್ರಿ, ಹೆಣ್ಣಮಕ್ಕಳು ನೀರಿದ್ದಂಗ, ಹಾಕಿದ ಪಾತ್ರಿಗೆ ಕೂಡತಾರ’ ಅಂತ ಉತ್ತರಾ ಬರತೈತಿ. ಮಾತು ಅಲ್ಲಿಗೆ ಮುಗೀತು. ಆಕಿ ಅಡಗಿ ಮನ್ಯಾಗ ಚಾ ಸೋಸಿಕೋತ ಇದನ್ನ ಕೇಳಿರತಾಳ, ಆದ್ರ ಆಕೀನ್ನ ಯಾರೂ ಕೇಳಿರೂದಿಲ್ಲ.

ನಮ್ಮ ಬಳಗದಾಗ ಈಗ ಇದ ನಡದೈತಿ. ನನ್ನ ತಂಗಿ ಮಗಳು ಹುಟ್ಟಿದ್ದೂ ಧಾರವಾಡ, ಕೊಟ್ಟಿದ್ದೂ ಧಾರವಾಡ. ಅಳಿಯಾಗ ಬಡ್ತಿ ಮ್ಯಾಲೆ ಮಂಗಳೂರಿಗೆ ವರ್ಗ ಬಂದೈತಿ. ಬೇಕಂದ್ರ ಹೋಗಬಹುದು, ಬ್ಯಾಡಂದ್ರ ಬಡ್ತಿ ಬಿಟ್ಟು ಇಲ್ಲೇ ಇರಬಹುದು. ತಿಂಗಳು ಮುಗಿಯೋದ್ರೊಳಗ ಹೇಳಬೇಕು. ಮನ್ಯಾಗ ವಯಸ್ಸಾದ ಅತ್ತಿ, ಏಳನೇತ್ತಾ ಓದೋ ಮಗಳು. ಆ ಊರಾಗ ಗುರುತಿನವರು ಅಂತ ಒಬ್ಬರೂ ಇಲ್ಲ. ಬಂದವರೆಲ್ಲಾ ‘ಹೋಗ್ರಿ, ದೊಡ್ಡ ಊರು’ ಅಂತ ಹೇಳಿ ಚಾ ಕುಡದು ಹೋಗತಾರ.

ದೊಡ್ಡ ಊರು ಅನ್ನೋದ ಮೊದಲನೇ ತಪ್ಪು. 2011ರ ಜನಗಣತಿ ಪ್ರಕಾರ ನಮ್ಮ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ, ಮಂಗಳೂರು ನಗರದ್ದು 5 ಲಕ್ಷದ ಆಸುಪಾಸು. ನಡು ಗಾತ್ರದ ಊರದು. ನಡು ಗಾತ್ರದ ಊರಿಗೆ ಹೊಸಬರಾಗಿ ಹೋಗೋದು ಬೆಂಗಳೂರಿಗೆ ಹೋದಂಗ ಅಲ್ಲ. ಬೆಂಗಳೂರಾಗ ನಮ್ಮ ಕಡೆ ಮಂದಿ ಓಣಿಗೆ ನಾಕು ಮನಿ ಸಿಗತಾರ, ಜೋಳದ ರೊಟ್ಟಿ ಅಂಗಡಿ ಸಿಗತಾವ, ಯಾರೂ ‘ನೀವ್ಯಾರು’ ಅಂತ ಕೇಳೂದಿಲ್ಲ. ಹಳ್ಳಿಗೆ ಹೋದ್ರ ಎರಡು ದಿನದಾಗ ಎಲ್ಲಾರಿಗೂ ಗೊತ್ತಾಗತೀವಿ. ನಡು ಗಾತ್ರದ ಊರಾಗ ಎರಡೂ ಇಲ್ಲ. ಅಲ್ಲಿ ಮಂದಿಗೆ ಅವರದ ಬಂಧು-ಬಳಗ, ಅವರದ ಭಾಷೆ, ಅವರದ ದೇವಸ್ಥಾನ ಐತಿ. ಅವರು ಕೆಟ್ಟವರಂತಲ್ಲ, ಅವರಿಗೆ ನಮ್ಮ ಜರೂರ ಇಲ್ಲ. ಗೆಳೆತನಕ್ಕ ನಾವ ಬಾಗಿಲು ಬಡೀಬೇಕು. ಆಫೀಸಿಗೆ ಹೋಗೋರಿಗೆ ಮೊದಲನೇ ದಿನಾನ ಇಪ್ಪತ್ತು ಮಂದಿ ಗುರುತಾಗತಾರ. ಮನ್ಯಾಗ ಇರೋಕಿಗೆ ಹಾಲು ಹಾಕೋ ಹುಡುಗನ ಹೆಸರು ಗೊತ್ತಾಗಾಕ ವಾರ ಬೇಕು.

ಈಗ ಲೆಕ್ಕಕ್ಕ ಬರೋಣ. ಗಂಡಸರು ಹಾಳ್ಯಾಗ ಬರದ ಲೆಕ್ಕ ನಾ ನೋಡೀನಿ. ಪಗಾರ ತಿಂಗಳಿಗೆ 9,000 ಹೆಚ್ಚಾಗತೈತಿ, ಆದ್ದರಿಂದ ಹೋಗೋದು ಛಲೋ. ಇಷ್ಟ. ಅದ ಹಾಳಿ ಹಿಂದ ನಾನು, ತಂಗಿ ಮಗಳು ಕೂತು ಇನ್ನೊಂದು ಲೆಕ್ಕ ಬರದ್ವಿ. ಇಲ್ಲಿ ಸ್ವಂತ ಮನಿ. ಅಲ್ಲಿ ಮೂರು ತಲಿಮಾರಿನವರು ಇರಬಹುದಾದ ಮನಿಗೆ 13,000 ಕೇಳ್ಯಾರ. ಇಲ್ಲೀ ಮನಿ ಬಾಡಿಗಿ ಕೊಟ್ರ 6,000 ಬರತೈತಿ. ಅಂದ್ರ ಮನಿ ಸಲುವಾಗಿ 7,000 ಕೈ ಬಿಡತೈತಿ. ಆಕಿ ಮನ್ಯಾಗ ಜಂಪರ ಹೊಲೀತಾಳ, ಫಾಲ್ ಹಚ್ಚತಾಳ, ಖರ್ಚು ಕಳದು ತಿಂಗಳಿಗೆ 8,000 ಉಳೀತೈತಿ. ಅದು ಹತ್ತು ವರ್ಷ ಕೂತು ಗಳಿಸಿದ ಗಿರಾಕಿ. ಮಷಿನ್ನು ಲಾರ್‍ಯಾಗ ಹಾಕಬಹುದು, ಗಿರಾಕೀನ್ನ ಹಾಕಾಕ ಬರೂದಿಲ್ಲ. ಒಂಬತ್ತು ಸಾವಿರದಾಗ ಏಳು ಹೋತು, ಎಂಟು ಹೋತು. ತಿಂಗಳಿಗೆ 6,000 ಖೋತಾ. ಇದಕ್ಕ ಬಡ್ತಿ ಅಂತ ಹೆಸರು!

ಆ 8,000 ಮೊದಲನೇ ಹಾಳ್ಯಾಗ ಯಾಕ ಇರಲಿಲ್ಲ? ಅದು ‘ಕೈಖರ್ಚಿನ ರೊಕ್ಕ’ ಅಂತ. ಮಗಳ ಸಾಲಿ ಫೀ ಅದರಾಗ ಹೋಗತೈತಿ, ಅತ್ತಿ ಗುಳಿಗಿ ಅದರಾಗ ಬರತಾವ, ಭೀಶಿ ಅದರಾಗ ತುಂಬತೈತಿ. ಆದ್ರೂ ಹೆಸರು ಕೈಖರ್ಚು. ನನ್ನ ಮೊದಲನೇ ತಕರಾರು ಇಲ್ಲಿ. ಹೆಣ್ಣಮಕ್ಕಳ ದುಡಿಮಿ ಬರೀದ ಮಾಡಿದ ಲೆಕ್ಕಕ್ಕ ಲೆಕ್ಕ ಅನ್ನಬಾರದು.

ರೊಕ್ಕದಾಗ ಹೇಳಾಕ ಬಾರದ್ದೂ ಭಾಳ ಅದಾವ. ಎರಡು ವರ್ಷದ ಹಿಂದ ನಮ್ಮ ಮನಿಯವರ ದವಾಖಾನಿ ಕೆಲಸಕ್ಕ ಮಂಗಳೂರಾಗ ಎಂಟು ದಿನ ಕೋಲಿ ಹಿಡದು ಇದ್ದೆ. ಸುರಿಯೋ ಮಳಿಗಾಲ. ಧಾರವಾಡದಾಗ ವರ್ಷಕ್ಕ 800 ಮಿಲಿಮೀಟರಿನ ಆಸುಪಾಸು ಮಳಿ, ಅಲ್ಲಿ ಮೂರೂವರೆ ಸಾವಿರದ ಮ್ಯಾಲೆ. ಹಂಗಂದ್ರ ಏನಂತ ಪುಸ್ತಕ ಹೇಳೂದಿಲ್ಲ, ಅರಬಿ ಹೇಳತಾವ. ಒಗದ ಅರಬಿ ಮೂರು ದಿನ ಆದ್ರೂ ಒಣಗವೊಲ್ಲವು. ಇಲ್ಲಿಂದ ಒಯ್ದ ಖಡಕ್ ರೊಟ್ಟಿ ಎರಡನೇ ದಿನಕ್ಕ ಮೆತ್ತಗಾದ್ವು. ಜೋಳ ಅಲ್ಲಿ ಸಿಗೂದಿಲ್ಲಂತಲ್ಲ, ಸಿಗತೈತಿ. ಆದ್ರ ನಮ್ಮಂಗ ಓಣಿ ತುದೀಗೆ ಗಿರಣಿ, ಬಿಸಿ ಬಿಸಿ ಹಿಟ್ಟು ಅನ್ನೋದು ನಾ ಇದ್ದ ಕಡೆ ಇರಲಿಲ್ಲ. ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ರೊಟ್ಟಿ ಬಡಿಯೋದ್ರಾಗ ಹರೀತಾವ. ‘ಕುಚಲಕ್ಕಿ ಉಣ್ರಿ’ ಅಂತೀರಿ. ನಾ ಉಂಡೀನಿ, ರುಚಿ ಐತಿ. ಎಪ್ಪತ್ತೈದು ವರ್ಷ ರೊಟ್ಟಿ ಉಂಡ ಅತ್ತಿಗೆ ಗಂಗಾಳದಾಗ ಅದನ್ನ ಹಾಕಿ ‘ಹೊಂದಿಕೋರಿ’ ಅನ್ನಾಕ ನಿಲ್ಲೋರು ಯಾರು? ಸೊಸಿ.

ಬಸ್ಸಿನ ಮಾತು ನೋಡ್ರಿ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನ್ಯಾಗ ನಮಗ ಶಕ್ತಿ ಯೋಜನೆ ಟಿಕೀಟು ಪುಕಟ್ಟೆ. ಮಂಗಳೂರು ಊರೊಳಗ ಓಡೋ ಬಸ್ಸು ಭಾಳಷ್ಟು ಖಾಸಗಿಯವು. ಛಲೋ ಓಡತಾವ, ಐದು-ಹತ್ತು ನಿಮಿಷಕ್ಕೊಂದು ಸಿಗತಾವ, ಖರೆ. ಆದ್ರ ಅವಕ್ಕ ಶಕ್ತಿ ನಡಿಯೂದಿಲ್ಲ, ರೊಕ್ಕ ಕೊಡಬೇಕು. ಊರು ಏರಿಳಿತದ್ದು, ಹತ್ತು ಹೆಜ್ಜಿಗೆ ಒಂದು ದಿನ್ನಿ. ಮೊಣಕಾಲು ನೋವಿನ ಅತ್ತೀನ್ನ ದವಾಖಾನಿಗೆ ಕರಕೊಂಡು ಹೋಗಬೇಕಂದ್ರ ರಿಕ್ಷಾನ ಗತಿ.

ಎಲ್ಲಾಕ್ಕಿಂತ ದೊಡ್ಡದು ತವರಿನ ದಾರಿ. ಸುಮಾರು 350 ಕಿಲೋಮೀಟರ, ಒಂದು ರಾತ್ರಿ ಬಸ್ಸು ಅಂತ ಹಗುರಾಗಿ ಹೇಳತಾರ. ದಾರಿ ಘಟ್ಟ ಇಳೀಬೇಕು. 2024ರ ಜುಲೈ 16ಕ್ಕ ಅಂಕೋಲಾ ತಾಲೂಕಿನ ಶಿರೂರಿನ್ಯಾಗ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆತು, ಮಂದಿ ಜೀವಾನೂ ಹೋದ್ವು. ಅದ ತಿಂಗಳ ಕಡೀಕ ಸಕಲೇಶಪುರದ ಘಟ್ಟದಾಗ ಹಳಿ ಕೆಳಗಿನ ಮಣ್ಣು ಜಾರಿ ರೈಲೂ ನಿಂತ್ವು. ನಮ್ಮ ಪಂಚಮಿ ಬರೋದು ಇದ ಕಾಲಕ್ಕ. ಉಂಡಿ ಕಟಗೊಂಡು ಅಣ್ಣ ಕರಿಯಾಕ ಬರೋ ಹಬ್ಬ. ಅಣ್ಣ ಬರದಿದ್ರ ಮುಂದಿನ ವರ್ಷ ಬಂದಾನು. ಅವ್ವಗ ಆರಾಮಿಲ್ಲಂತ ಫೋನ್ ಬಂದ ರಾತ್ರಿ ಎರಡೂ ದಾರಿ ಬಂದ್ ಇದ್ರ ಆಕಿ ಏನು ಮಾಡಬೇಕು? ಇದು ಯಾರ ಹಾಳ್ಯಾಗೂ ಇಲ್ಲ.

‘ಅಂದ್ರ ಮಂಗಳೂರು ಬ್ಯಾಡಂತೀರೇನು?’ ಅಂತ ನನ್ನ ಮ್ಯಾಲೆ ಬರಬ್ಯಾಡ್ರಿ. ಹಂಗಂದ್ರ ನಾ ಸುಳ್ಳು ಹೇಳಿದಂಗ ಆಗತೈತಿ. ವೆನ್‌ಲಾಕ್ ಸರಕಾರಿ ಆಸ್ಪತ್ರೆ 1848ರಿಂದ ಐತಿ. ಹೆರಿಗೆಗೆ ಲೇಡಿ ಗೋಶನ್ ಐತಿ. ಮೆಡಿಕಲ್ ಕಾಲೇಜಿನ ದವಾಖಾನಿ ಒಂದಲ್ಲ, ನಾಕಾರು ಅದಾವ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಭಾಳ ಸಲ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆ ಮ್ಯಾಲಿನ ಸಾಲಿನ್ಯಾಗ ಇರತಾವ. ಏಳನೇತ್ತಾ ಓದೋ ಹುಡುಗಿಗೆ ಅದು ಸಣ್ಣ ಮಾತಲ್ಲ. ನೀರಿನ ಕಥಿನೂ ಹಂಗ. ನಮ್ಮಲ್ಲಿ ಮಲಪ್ರಭಾ ನೀರು ಯಾವ ದಿನ ಬರತೈತಂತ ಕಾಯ್ಕೋತ ಕೊಡಾ ಹಚ್ಚಿ ಕೂಡೋದು ನಮಗ ಗೊತ್ತಿದ್ದದ್ದ. ಅಲ್ಲಿ ಎಷ್ಟೋ ಮನಿ ಹಿತ್ತಲದಾಗ ಬಾವಿ ಅದಾವ. ಆದ್ರ ಊರಿಗೆ ನೀರು ಬರೋದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2016 ಮತ್ತು 2019ರ ಬ್ಯಾಸಗ್ಯಾಗ ಅಲ್ಲೂ ಸರದಿ ಮ್ಯಾಲೆ ನೀರು ಬಿಟ್ಟಾರ. ಮಳಿ ಸುರಿಯೋ ಊರಂದ್ರ ನೀರು ಬಂದ ಬರತೈತಿ ಅಂತ ತಿಳೀಬ್ಯಾಡ್ರಿ. ಬಾಡಿಗಿ ಮನಿ ನೋಡುಮುಂದ ಗ್ಯಾಲರಿ ನೋಡೋದಲ್ಲ, ಮೇ ತಿಂಗಳಾಗ ನೀರಿಗೆ ಏನು ಮಾಡತೀರಿ ಅಂತ ಬಾಜೂ ಮನಿಯಾಕಿನ್ನ ಕೇಳಬೇಕು.

ಇನ್ನ ನಮ್ಮ ಕಡೆ ಹೆಣ್ಣಮಕ್ಕಳಿಗೂ ಎರಡು ಮಾತು. ‘ಅಲ್ಲೆಲ್ಲಾ ಮೀನಿನ ವಾಸನಿ’, ‘ಅವರ ಭಾಷೆ ತಿಳಿಯೂದಿಲ್ಲ’ ಅಂತ ಹೋಗೋದ್ರೊಳಗ ಮೂಗು ಮುಚ್ಚಿಕೊಳ್ಳೋರಿಗೂ ನನ್ನ ತಕರಾರು ಐತಿ. ಅವರು ಉಣ್ಣೋದು ಅವರ ಗಂಗಾಳದಾಗ. ಮನ್ಯಾಗ ತುಳು, ಕೊಂಕಣಿ, ಬ್ಯಾರಿ ಮಾತಾಡೋ ಮಂದಿ ನನ್ನ ಜೋಡಿ ಕನ್ನಡದಾಗ, ಅದೂ ಪುಸ್ತಕದಂಥ ಕನ್ನಡದಾಗ, ಮಾತಾಡಿದ್ರು. ನನ್ನ ‘ಹೌದಲ್ರಿ’ ಕೇಳಿ ನಕ್ಕರು, ನಾನೂ ಅವರ ‘ಮಾರಾಯ್ರೆ’ ಕೇಳಿ ನಕ್ಕೆ. ಅದರಾಗ ಅವಮಾನ ಏನೂ ಇರಲಿಲ್ಲ. ಹೋದವರು ಭಾಷೆ ಕಲೀಬೇಕು, ಹಂಗಂತ ನಮ್ಮ ಮಾತಿಗೆ ನಾಚಬೇಕಿಲ್ಲ. ಬ್ಯಾಡನ್ನಾಕ ಖರೇ ಕಾರಣ ಇರಬೇಕು. ಸುಳ್ಳು ಕಾರಣ ಕೊಟ್ರ ನಮ್ಮ ಖರೇ ಕಾರಣಾನೂ ಯಾರೂ ಕೇಳೂದಿಲ್ಲ.

ಹಂಗಾದ್ರ ಏನು ಮಾಡಬೇಕು? ತಂಗಿ ಮಗಳಿಗೆ ಹೇಳಿದ್ದನ್ನ ನಿಮಗೂ ಹೇಳತೀನಿ.

ಮೊದಲನೇದು, ಹೂಂ ಅನ್ನೋಕ್ಕಿಂತ ಮುಂಚೆ ಆ ಊರಾಗ ನಾಕು ದಿನ ಇದ್ದು ಬರಬೇಕು. ಗಂಡನ ಜೋಡಿ ದೇವಸ್ಥಾನ, ಸಮುದ್ರ ನೋಡಿ ಬರೋದಲ್ಲ. ಮುಂಜಾನೆ ಹಾಲು ಎಲ್ಲಿ ಸಿಗತೈತಿ, ಕಾಯಿಪಲ್ಯಾ ಎಷ್ಟಕ್ಕ, ಸಾಲಿಗೆ ಹುಡುಗಿ ಒಬ್ಬಾಕೀನ ನಡದು ಹೋಗಬಹುದೇನು, ರಾತ್ರಿ ಹತ್ತಕ್ಕ ಅತ್ತಿಗೆ ಎದಿ ನೋವು ಬಂದ್ರ ಯಾವ ದವಾಖಾನಿಗೆ ಎಷ್ಟು ನಿಮಿಷ, ಇವನ್ನ ನಡದು ನೋಡಬೇಕು. ಆದ್ರ ಮಳಿಗಾಲದಾಗ ಹೋಗ್ರಿ. ಡಿಸೆಂಬರಿನ್ಯಾಗ ಎಲ್ಲಾ ಊರೂ ಛಂದ.

ಎರಡನೇದು, ಇಲ್ಲೀ ಮನಿ ಮಾರಬಾರದು, ಹನ್ನೊಂದು ತಿಂಗಳ ಕರಾರಿಗೆ ಬಾಡಿಗಿ ಕೊಡಬೇಕು. ‘ಹೆಂಗೂ ಹೋದ್ವಿ, ಮಾರಿ ಅಲ್ಲೇ ಫ್ಲ್ಯಾಟ್ ತಗೋಳೋಣ’ ಅನ್ನೋ ಮಾತಿಗೆ ಒಂದು ವರ್ಷ ಕಿವಿ ಕೊಡಬ್ಯಾಡ್ರಿ.

ಮೂರನೇದು, ಆಕಿ ಕಳಕೊಳ್ಳೋ ದುಡಿಮಿ ಲೆಕ್ಕದಾಗ ಬರೀಬೇಕು, ಅಲ್ಲಿ ಮತ್ತ ಗಿರಾಕಿ ಕೂಡೋತನಕ ಅಷ್ಟು ರೊಕ್ಕ ಹೆಚ್ಚಿನ ಪಗಾರದಾಗಿಂದ ಆಕಿ ಖಾತೇಕ ತಿಂಗಳಾ ತಿಂಗಳಾ ಹಾಕಬೇಕು. ಇದನ್ನ ಕೇಳಿ ಅಳಿಯಾ ‘ನಮ್ಮ ನಮ್ಮೊಳಗ ಎಂಥಾ ಖಾತೆ, ಚಿಗವ್ವಾ?’ ಅಂದ. ನಿನ್ನ ಬಡ್ತಿ ನಿನ್ನ ಖಾತೇಕ ಬರತೈತಲ್ಲಪಾ, ಆಕಿ ನಷ್ಟ ಯಾವ ಖಾತೇಕ ಬರೀಲಿ ಅಂತ ಕೇಳಿದೆ. ಅಂವ ಕೆಟ್ಟಾಂವಲ್ಲ, ಸುಮ್ಮನ ಕೂತು ಇನ್ನೊಮ್ಮೆ ಲೆಕ್ಕ ಮಾಡಿದ.

ನಾಕನೇದು, ವರ್ಷ ತುಂಬಿದ ಮ್ಯಾಲೆ ಅತ್ತಿ, ಸೊಸಿ, ಮಗಳು, ಗಂಡ, ನಾಕೂ ಮಂದಿ ಕೂತು ‘ಇರೋಣೋ, ಹೊಳ್ಳಿ ಹೋಗೋಣೋ’ ಅಂತ ಮಾತಾಡೋ ದಿನ ಈಗ ಗೊತ್ತು ಮಾಡಬೇಕು. ಹೊಳ್ಳಿ ಬರೋದು ಸೋಲಲ್ಲ ಅಂತ ಈಗ ಒಪ್ಪಿಕೊಂಡಿರಬೇಕು.

ಇವು ನಾಕೂ ಒಪ್ಪಿಗಿ ಆದ್ರ ಹೋಗಲಿ, ನಾನ ಹಿಟ್ಟು ಬೀಸಿಸಿ ಕಟ್ಟಿ ಕೊಡತೀನಿ. ಆಗದಿದ್ರ ಬಡ್ತಿ ಬಿಡ್ರಿ ಅಂತ ಎಲ್ಲಾರ ಮುಂದ ಹೇಳೀನಿ. ತಿಂಗಳಿಗೆ 6,000 ಖೋತಾ ಮಾಡಿಕೊಂಡು, ಮನಿಯಾಕಿ ಕೈ ಖಾಲಿ ಮಾಡಿ ಗಳಿಸೋ ಹುದ್ದೆ ಹೆಸರಿನ ಫಲಕ ಬಾಗಿಲಿಗೆ ಹಾಕಿಕೊಂಡು ಏನು ಮಾಡೋದು? ನನ್ನ ಮಾತಿಗೆ ಬೀಗರು ಸಿಟ್ಟಾಗ್ಯಾರ, ಆಗಲಿ. ತಂಗಿ ಮಗಳು ಅತ್ತೀನ್ನ ಕರಕೊಂಡು ಈ ಶುಕ್ರವಾರ ಮಂಗಳೂರಿಗೆ ಹೊಂಟಾಳ. ಆಕಿ ನೋಡಿ ಬಂದು ಏನು ಹೇಳತಾಳೋ ಅದ ಆಗಬೇಕು, ನಾ ಹೇಳಿದ್ದೂ ಅಲ್ಲ.

ಕಡೀಗೆ ಒಂದು ಮಾತು ಹೇಳದಿದ್ರ ನನಗ ಸಮಾಧಾನ ಇಲ್ಲ. ‘ಹೊಂದಿಕೋತಾಳ ಬಿಡ್ರಿ’ ಅಂತ ಗಂಡಸರಿಗಿಂತ ಹೆಚ್ಚು ಅನ್ನೋರು ನಮ್ಮ ಅವ್ವಗೋಳು, ಅತ್ತಿಗೋಳು. ‘ನಾವು ಹೊಂದಿಕೊಂಡಿಲ್ಲೇನು?’ ಅಂತಾರ. ಹೊಂದಿಕೊಂಡೀರಿ, ಖರೆ. ಹೊಂದಿಕೊಳ್ಳೋದ್ರಾಗ ಏನೇನು ಬಿಟ್ಟೀರಿ ಅಂತ ನಿಮ್ಮನ್ನ ಯಾರೂ ಕೇಳಲಿಲ್ಲ, ಅದೂ ಖರೆ. ಮುಂದಿನ ಸಲ ಯಾರ ಮನ್ಯಾಗರೆ ಗಂಟುಮೂಟಿ ಕಟ್ಟೋ ಮಾತು ಬಂದು, ಯಾರರೆ ಹಿಂಗ ಅಂದ್ರ, ನೀವು ಅಲ್ಲಿ ಕೂತಿದ್ರ, ಸುಮ್ಮನ ಚಾ ಕುಡೀಬ್ಯಾಡ್ರಿ. ‘ಆಕೀನ್ನ ಕೇಳೀರೇನು?’ ಅಂತ ಒಂದ ಮಾತು ಕೇಳ್ರಿ. ಕೇಳಿ, ಆಕಿ ಬಾಯಿ ಬಿಡೋತನಕ ಕಾಯ್ರಿ.