ಕೊಚ್ಚಿಯ ಸೆಕೆಗೆ ಥರ್ಮೋಕೋಲ್ ಹಿಮ ಏಕೆ?

ಡಿಸೆಂಬರ್ ಬಂತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ಕ್ರಿಸ್‌ಮಸ್-ಹೊಸವರ್ಷದ ಸ್ನೇಹಕೂಟಗಳ ಸಿದ್ಧತೆ ಶುರುವಾಗುತ್ತದೆ. ಕೇಕು, ಹಾಡು, ಮಕ್ಕಳ ಛದ್ಮವೇಷ ಎಲ್ಲವೂ ಚೆಂದ. ಅಲಂಕಾರದ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕಾಗಿದೆ. ಬೆವರಿಳಿಯುವ ಸಭಾಂಗಣದಲ್ಲಿ ಥರ್ಮೋಕೋಲ್ ಪುಡಿಯ ಹಿಮ, ಮಿನುಗುವ ಪ್ಲಾಸ್ಟಿಕ್ ಮಾಲೆ! ಮರುದಿನ ಬೆಳಿಗ್ಗೆ ಅದೆಲ್ಲ ಕಸದ ಚೀಲದಲ್ಲಿ.

ಆ ಚೀಲ ಎಲ್ಲಿಗೆ ಹೋಗುತ್ತದೆಂಬುದು ಕೊಚ್ಚಿಯವರಿಗೆ ಗೊತ್ತಿಲ್ಲದ್ದಲ್ಲ. 2023ರ ಮಾರ್ಚ್ 2ರಂದು ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಹೆಚ್ಚು ಕಾಲ ನಗರ ಹೊಗೆ ಕುಡಿಯಿತು. ಶಾಲೆಗಳಿಗೆ ರಜೆ ಕೊಡಬೇಕಾಯಿತು. ಉರಿದದ್ದು ವರ್ಷಗಟ್ಟಲೆ ಬಿದ್ದಿದ್ದ ಪ್ಲಾಸ್ಟಿಕ್. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಕೇರಳದಲ್ಲಿ 2020ರ ಜನವರಿ 1ರಿಂದಲೇ ನಿಷೇಧವಿತ್ತೆಂಬುದು ಬೇರೆ ಮಾತು.

ಮನೆಯಲ್ಲಿ ಹತ್ತು ವರ್ಷದಿಂದ ಜೋಪಾನವಾಗಿಟ್ಟ ಪ್ಲಾಸ್ಟಿಕ್ ಮರವನ್ನು ಎಸೆಯಿರೆಂದು ನಾನು ಹೇಳುತ್ತಿಲ್ಲ. ಅದು ಇರಲಿ. ನನ್ನ ತಕರಾರು ಒಂದು ಸಂಜೆಗೆಂದು ಕೊಳ್ಳುವ ಸಾಮಾನಿನ ಮೇಲೆ.

ನಮ್ಮ ಕರಾವಳಿಯಂತೆ ಇಲ್ಲೂ ಗಾಳಿಮರವಿದೆ. ಅದರ ಒಂದು ಕೊಂಬೆಯನ್ನು ಮರಳು ತುಂಬಿದ ಕುಂಡದಲ್ಲಿ ನಿಲ್ಲಿಸಿದರೆ ಕ್ರಿಸ್‌ಮಸ್ ಮರವಾಯಿತು. ಪುಟ್ಟ ಕಾಯಿಗಳೇ ಅದರ ಆಭರಣ. ಆದರೆ ಕಡಲತೀರದ ಮರಕ್ಕೆ ಕತ್ತಿ ಹಾಕಬಾರದು, ಅದು ಗಾಳಿ, ಮರಳು ತಡೆಯಲು ನೆಟ್ಟದ್ದು. ತೋಟದವರನ್ನು ಕೇಳಿ ಸವರಿದ ಕೊಂಬೆ ತರಬೇಕು. ಒಣಗಿದ ಕೊಂಬೆಯ ಹತ್ತಿರ ಮೇಣದಬತ್ತಿ ಬೇಡವೇ ಬೇಡ.

ಕೇರಳದ ಕ್ರಿಸ್‌ಮಸ್ ನಕ್ಷತ್ರವೂ ಮೂಲದಲ್ಲಿ ಬಿದಿರುಕಡ್ಡಿ, ಬಣ್ಣದ ಕಾಗದದ್ದೇ. ದೀಪಾವಳಿಗೆ ಗೂಡುದೀಪ ಕಟ್ಟಿದ ಕೈಗೆ ಇದೇನು ಕಷ್ಟ? ಚೌಕಟ್ಟು ಅಟ್ಟದಲ್ಲಿರಲಿ, ಕಾಗದ ಮಾತ್ರ ವರ್ಷವರ್ಷ ಹೊಸದು.

ಮಂಗಳೂರಿನವರು ಗೋದಲಿ ಎನ್ನುವುದನ್ನು ಮಲಯಾಳಿಗಳು ಪುಲ್ಕೂಡು ಎನ್ನುತ್ತಾರೆ, ಅಂದರೆ ಹುಲ್ಲಿನ ಗೂಡು. ಹೆಸರೇ ಹುಲ್ಲಾಗಿರುವಾಗ ಹಸಿರು ಪ್ಲಾಸ್ಟಿಕ್ ಚಾಪೆ ಹಾಸುವುದು ವಿಚಿತ್ರ. ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತಿದರೆ ವಾರ ಹತ್ತು ದಿನದಲ್ಲಿ ಎಳೆಹಸಿರು ಹುಲ್ಲು ಎದ್ದಿರುತ್ತದೆ. ನವರಾತ್ರಿಯ ಘಟಕ್ಕೆ ಕಾಳು ಬಿತ್ತುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ವಿದ್ಯೆಯೇನಲ್ಲ.

ಮೇಜಿಗೆ ಬಾಳೆಲೆ ಹಾಸಿ ಕುಸ್ವಾರ್ ತಿಂಡಿಗಳನ್ನಿಟ್ಟರೆ ಅದೇ ಅರ್ಧ ಅಲಂಕಾರ. ತೆಂಗಿನ ಚಿಪ್ಪಿನಲ್ಲಿ ದೀಪ, ನಡುವೆ ಒಂದಿಷ್ಟು ಕೇಪಳ ಹೂ, ಗಾಜಿನ ಬಟ್ಟಲಲ್ಲಿ ಕೆಂಪು ಮಂಜಾಡಿ ಬೀಜ. (ಕಪ್ಪು ಚುಕ್ಕೆಯ ಗುಲಗಂಜಿ ವಿಷ, ಮಕ್ಕಳಿರುವಲ್ಲಿ ಅದು ಬೇಡ.)

ಹಿಮದ ಬಿಳುಪೇ ಬೇಕೆನ್ನುವವರಿಗೆ ನಂದಿಬಟ್ಟಲಿದೆ, ಸಿಕ್ಕರೆ ತುಂಬೆಯಿದೆ. ತಿರುವನಂತಪುರದ ತುಂಬ ಎಂಬ ಊರಿಗೆ ಈ ಹೂವಿನಿಂದಲೇ ಹೆಸರು ಬಂತೆನ್ನುತ್ತಾರೆ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿದಾಗ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಕಟ್ಟಡವೇ ವಿಜ್ಞಾನಿಗಳ ಕಚೇರಿ. ಈಗ ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ನಾವು ಶಿವನಿಗೆ ಏರಿಸುವ, ಮಲಯಾಳಿಗಳು ಓಣಂ ಪೂಕ್ಕಳಕ್ಕೆ ಹಾಕುವ ಹೂವು ಚರ್ಚಿನ ಊರಿಗೂ ಹೆಸರಾಗಿರುವಾಗ ಕ್ರಿಸ್‌ಮಸ್ ಮೇಜಿಗೆ ಏಕಾಗಬಾರದು?

ಸಂಘಗಳ ಕಾರ್ಯಕಾರಿ ಸಮಿತಿಗಳು ಈ ಬಾರಿ ಅಲಂಕಾರದ ಹಣವನ್ನು ಅಂಗಡಿಗೆ ಕೊಡುವ ಬದಲು ಮಕ್ಕಳಿಗೆ ಬಹುಮಾನವಾಗಿಡಲಿ, ಕೆಲಸವನ್ನೂ ಅವರಿಗೇ ಒಪ್ಪಿಸಲಿ. ಗೋದಲಿಗೆ ರಾಗಿ ಬಿತ್ತುವವರು ಡಿಸೆಂಬರ್ 15ರೊಳಗೆ ಬಿತ್ತಿದರೆ ಹಬ್ಬದ ಹಿಂದಿನ ಸಂಜೆಗೆ ಹುಲ್ಲು ಸರಿಯಾಗಿ ಬಂದಿರುತ್ತದೆ.