ಬಿಟ್ಟು ನೋಡಿ, ಮತ್ತೆ ತಿಂದು ನೋಡಿ

'ನಮ್ಮ ಹುಡುಗನಿಗೆ ಹಾಲು ಆಗುವುದಿಲ್ಲ', 'ಇವಳಿಗೆ ಬದನೆಕಾಯಿ ನಂಜು' ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಪರೀಕ್ಷಿಸಿ ಹೇಳುವವರು ಕಡಿಮೆ. ಹೊಟ್ಟೆ ನೋವು ಬಂದ ದಿನ ತಿಂದದ್ದೇ ಅಪರಾಧಿ! ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದ ಹಾಗೆ. ಹೀಗೆ ಒಂದೊಂದೇ ಪದಾರ್ಥ ತಟ್ಟೆಯಿಂದ ಮಾಯವಾದರೆ ನಷ್ಟ ಬೆಳೆಯುವ ಮಗುವಿಗೆ.

ಸತ್ಯ ತಿಳಿಯುವ ದಾರಿ ಯಾವುದು? ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರ ಕೆಲಸವನ್ನೇ ನೋಡಿ. ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯ ಮಕ್ಕಳು ಭೇದಿಯಿಂದ ಸೊರಗುತ್ತಿದ್ದರು. ಡಿಕ್ಕೆ ಅವರಿಗೆ ಗೋಧಿಯ ಮೇಲೆ ಅನುಮಾನ. ಗೋಧಿ ಬಿಡಿಸಿದರು, ಮಕ್ಕಳು ಚೇತರಿಸಿಕೊಂಡರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಮತ್ತೆ ಗೋಧಿ ಕೊಟ್ಟು ನೋಡಿದರು. ಕಾಯಿಲೆ ಮರಳಿತು. 1950ರಲ್ಲಿ ಅವರು ಇದನ್ನು ಪ್ರೌಢಪ್ರಬಂಧವಾಗಿ ಮಂಡಿಸಿದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇದಕ್ಕೆ ಕಾರಣ. ನಮ್ಮ ರಾಗಿ, ಜೋಳ, ಅಕ್ಕಿಗಳಲ್ಲಿ ಅದಿಲ್ಲ.

ಬಿಡುವುದು ಅರ್ಧ ಪ್ರಯೋಗ ಮಾತ್ರ. ಕಾಯಿಲೆ ತಾನಾಗಿಯೇ ವಾಸಿಯಾಗಿರಬಹುದಲ್ಲ? ಮತ್ತೆ ತಿಂದಾಗ ತೊಂದರೆ ಮರುಕಳಿಸಿದರೆ ಮಾತ್ರ ಅನುಮಾನಕ್ಕೆ ಬಲ.

ವಿದ್ಯಾರ್ಥಿಗಳೇ, ಲೋಲಕದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ ಅಲ್ಲವೆ? ಇಲ್ಲಿಯೂ ಅದೇ ನಿಯಮ. ಮೊದಲ ವಾರ ತಿಂದದ್ದು, ಆದ ತೊಂದರೆ ಎರಡನ್ನೂ ಗಂಟೆ ಸಮೇತ ಬರೆದಿಡಿ. ನಂತರ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಪೂರ್ತಿ ಬಿಡಿ. ಹಾಲು ಎಂದರೆ ಮೊಸರು, ಖೋವಾ ಸಿಹಿ, ಹಾಲಿನ ಪುಡಿ ಸೇರಿದ ಬಿಸ್ಕತ್ತು ಎಲ್ಲವೂ ಸೇರಿತು. ಉಳಿದ ಊಟ ಎಂದಿನಂತಿರಲಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಆರಂಭಿಸಿ, ಕೆಲವು ದಿನ ಗಮನಿಸಿ. ಹಾಲು ಒಗ್ಗದ ಕೆಲವರಿಗೆ ಮೊಸರು ಒಗ್ಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಂದಿಷ್ಟು ಮುಗಿಸಿರುತ್ತವೆ.

ಪಾಲಕರಿಗೆ ಎಚ್ಚರಿಕೆಯ ಮಾತು. ಮಕ್ಕಳ ಮೇಲೆ ಈ ಪ್ರಯೋಗ ವೈದ್ಯರ ಸಲಹೆಯಿಂದಲೇ ನಡೆಯಲಿ. ಕಡಲೆಕಾಯಿ, ಮೊಟ್ಟೆ ಮುಂತಾದ ಯಾವುದನ್ನೇ ತಿಂದಾಗ ತುಟಿ ಊದಿದ್ದರೆ, ಮೈ ದಡ್ಡರಿಸಿದ್ದರೆ, ಉಸಿರು ಕಟ್ಟಿದ್ದರೆ ಮನೆಯಲ್ಲಿ ಅದನ್ನು ಮತ್ತೆ ತಿನ್ನಿಸಿ ನೋಡಲೇಬೇಡಿ, ಪ್ರಾಣಕ್ಕೆ ಅಪಾಯ. ಸೀಲಿಯಾಕ್ ಅನುಮಾನವಿದ್ದರೆ ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು.

ಮತ್ತೆ ತಿಂದಾಗ ಏನೂ ಆಗಲಿಲ್ಲವೆ? ಸಂತೋಷ. ಆ ಪದಾರ್ಥದ ಮೇಲಿನ ಆರೋಪ ಕೈಬಿಟ್ಟು, ಮಗುವಿನ ತಟ್ಟೆಗೆ ಅದನ್ನು ಮರಳಿ ಬಡಿಸಿ.