ನಿಮ್ಮ ಆಫ್‌ರೋಡು, ನಮ್ಮ ರೋಡು

'ಆಫ್‌ರೋಡ್' ಅನ್ನೋ ಪದಕ್ಕೆ ಕನ್ನಡದಲ್ಲಿ ಒಂದು ಸರಿಯಾದ ಪದ ಹುಡುಕಿ ನೋಡಿ. ಸಿಗಲ್ಲ. ನಾನು ಹುಟ್ಟಿ ಬೆಳೆದ ರೋಣ ತಾಲ್ಲೂಕಿನಲ್ಲಿ ಚಕ್ಕಡಿ ಹಾದಿ ಇದೆ, ಹೊಲದ ಹಾದಿ ಇದೆ, ಕಾಲುಹಾದಿ ಇದೆ. ಈಗ ನಾನಿರೋ ತೀರ್ಥಹಳ್ಳಿ ಕಡೆ ಮಣ್ಣು ರಸ್ತೆ, ತೋಟದ ರಸ್ತೆ, ಹಳ್ಳ ದಾಟೋಕೆ ಸಂಕ. ಎಲ್ಲದಕ್ಕೂ ಹೆಸರಿದೆ, ಎಲ್ಲವೂ ಯಾರದ್ದೋ ಮನೆಗೋ ಹೊಲಕ್ಕೋ ಹೋಗಿ ಮುಟ್ಟುತ್ತೆ. 'ಇದು ರಸ್ತೆಯಲ್ಲ' ಅಂತ ಒಂದು ರಸ್ತೆಗೆ ಹೆಸರಿಡೋಕೆ ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ ಹೋಗೋ ಖಾತ್ರಿ ಬೇಕು.

ಹೊಟ್ಟೆಕಿಚ್ಚಿಗೆ ಬರೀತಿದಾನೆ ಅಂದ್ಕೋಬೇಡಿ. ನನ್ನ ಹತ್ರಾನೂ ಒಂದು ಫೋರ್ ಬೈ ಫೋರ್ ಇದೆ. ಸೆಕೆಂಡ್ ಹ್ಯಾಂಡು. ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ, ಬೆಂಗಳೂರಲ್ಲಿ ಹನ್ನೊಂದು ವರ್ಷ ಕೋಡ್ ಬರೆದು, ಆಮೇಲೆ ವರ್ಕ್ ಫ್ರಮ್ ಹೋಮ್ ಸಿಕ್ಕಿದ್ದೇ ನೆಪ ಅಂತ ಹೆಂಡತಿಯ ಊರಿಗೆ ಬಂದು ಕೂತವನು ನಾನು. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಡಾಂಬರು ಬಂದಿಲ್ಲ. ಕೊನೆಯ ಒಂದೂವರೆ ಕಿಲೋಮೀಟರು ಮಣ್ಣು. ಜೂನ್ ತಿಂಗಳಲ್ಲಿ ಆಟೋದವನು ಡಾಂಬರು ಮುಗಿಯೋ ಕಡೆ ನಿಲ್ಲಿಸಿ, 'ಇಲ್ಲಿಂದ ನಡ್ಕೊಂಡೇ ಹೋಗ್ಬೇಕು ಮಾರಾಯ್ರೆ' ಅಂತಾನೆ. ಹಾಗಾಗಿ ಗಾಡಿ.

ಮಣ್ಣಿನ ಹಾದಿ ನನಗೇನು ಹೊಸದಲ್ಲ. ಆದರೆ ನಮ್ಮ ಕಡೆಯ ಎರಿಮಣ್ಣಿನ ವಿದ್ಯೆಯೇ ಬೇರೆ. ಅದರಲ್ಲಿರೋ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತೆ. ಹಸಿ ಇದ್ದಾಗ ಗಾಡಿ ಓಡಿಸಿದರೆ ರಾಡಿ ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿ ಗಾಲಿ ತಿರುಗೋದೇ ನಿಲ್ಲುತ್ತೆ. ಬೈಕ್ ಇಳಿದು ಕಟ್ಟಿಗೆಯಿಂದ ರಾಡಿ ಕೆದರೋದು, ಹತ್ತು ಮಾರು ಹೋಗೋದು, ಮತ್ತೆ ಕೆದರೋದು. ಇದನ್ನ ಮಾಡದೆ ಬೆಳೆದ ಹುಡುಗ ನಮ್ಮೂರಲ್ಲಿ ಇಲ್ಲ. ಅಲ್ಲಿಯ ಜನ ಇದಕ್ಕೆ ಕಂಡುಕೊಂಡ ಉಪಾಯ ಒಂದೇ: ಕಾಯೋದು. 'ಹಾದಿ ಆರಲಿ ತಡಿ' ಅಂತಾನೆ ನಮ್ಮಪ್ಪ. ಮೂರು ದಿನ ಬಿಸಿಲು ಬಿದ್ದರೆ ಆರುತ್ತೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರಲ್ಲಿ ಕಾಯೋದು ಕಷ್ಟದ ಮಾತಲ್ಲ.

ಇಲ್ಲಿ ಕಾಯೋಕೆ ಆಗಲ್ಲ. ನಮ್ಮ ತಾಲ್ಲೂಕಿನದ್ದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಲ್ಲಿ ಹಸಿಯಾದ ರಸ್ತೆ ಅಕ್ಟೋಬರ್ ತನಕ ಹಸಿಯೇ. ನಾಲ್ಕು ತಿಂಗಳು ಯಾರು ಕಾಯ್ತಾರೆ? ಮಕ್ಕಳು ಶಾಲೆಗೆ ಹೋಗಬೇಕು, ಹಾಲು ಡೇರಿಗೆ ಮುಟ್ಟಬೇಕು. ಅಡಿಕೆಗೆ ಕೊಳೆ ಔಷಧಿ ಹೊಡೆಯೋದು ಸರಿಯಾಗಿ ಈ ಮಳೆಗಾಲದಲ್ಲೇ, ಮೈಲುತುತ್ತ ಸುಣ್ಣ ಎರಡೂ ಆಗಲೇ ತೋಟಕ್ಕೆ ಬರಬೇಕು.

ಮಣ್ಣೂ ಉಲ್ಟಾ. ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ, ಮೇಲೆ ತೆಳ್ಳಗೆ ಕೆಂಪು ಜೇಡಿ, ಅದರ ಮೇಲೆ ಕೊಳೆತ ಎಲೆ, ಕಲ್ಲಿದ್ದ ಕಡೆ ಪಾಚಿ. ಎರಿಮಣ್ಣು ಹಿಡಿದುಕೊಳ್ಳುತ್ತೆ, ಇದು ಜಾರಿಸುತ್ತೆ. ಅಲ್ಲಿ ನಿಂತರೆ ಹೂತುಹೋಗ್ತೀವಿ, ಅದಕ್ಕೇ ಒಂದೇ ವೇಗದಲ್ಲಿ ನಿಲ್ಲದೆ ದಾಟಬೇಕು. ಇಲ್ಲಿ ಅದೇ ವೇಗ ಧರೆಯಿಂದ ಕೆಳಗೆ ತೋಟಕ್ಕೆ ಇಳಿಸುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ತನ್ನ ಪಾಡಿಗೆ ತಾನು ಜಾರುತ್ತೆ, ಸ್ಟೀರಿಂಗ್ ಯಾವ ಕಡೆ ತಿರುಗಿಸಿದರೂ ಅದಕ್ಕೆ ಸಂಬಂಧವೇ ಇಲ್ಲ. ಲೋ ರೇಂಜ್, ಫಸ್ಟ್ ಗೇರ್, ಬ್ರೇಕ್ ಮೇಲಿಂದ ಕಾಲು ತೆಗೆದು ಇಂಜಿನ್ನಿಗೇ ಗಾಡಿ ಹಿಡಿಯೋಕೆ ಬಿಡಬೇಕು. ಯೂಟ್ಯೂಬ್ ನೋಡಿ ಟೈರಿನ ಗಾಳಿ ಅರ್ಧ ಇಳಿಸೋರು ಇದಾರೆ. ಮರಳಿನಲ್ಲಿ ಅದು ಸರಿ. ಇಲ್ಲಿ ಜಂಬಿಟ್ಟಿಗೆಯ ಅಂಚು ಮೆತ್ತಗಾದ ಟೈರಿನ ಪಕ್ಕವನ್ನ ಕೊಯ್ದು ಹಾಕುತ್ತೆ.

ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮ ಊರಲ್ಲಿ ಪಿಕಪ್ ಓಡಿಸೋ ಅಣ್ಣ. ಅವನ ಗಾಡಿಗೆ ಫೋರ್ ವೀಲ್ ಇಲ್ಲ, ಸ್ನಾರ್ಕೆಲ್ ಇಲ್ಲ, ಮುಂದೆ ಲೈಟಿನ ಪಟ್ಟಿ ಇಲ್ಲ. ಹಿಂದಿನ ಟೈರಿಗೆ ಸುತ್ತೋಕೆ ಸರಪಳಿ ಇದೆ, ಬಾಡಿಯಲ್ಲಿ ಭಾರಕ್ಕೆ ಎರಡು ಚೀಲ ಮರಳಿದೆ, ಸೀಟಿನ ಹಿಂದೆ ಗುದ್ದಲಿ ಇದೆ. ಏರಿನ ಕೆಳಗೆ ನಿಲ್ಲಿಸಿ, ಇಳಿದು, ರಸ್ತೆಯನ್ನ ಒಮ್ಮೆ ನಡೆದು ನೋಡಿ ಬರ್ತಾನೆ. ನೀರು ರಸ್ತೆಗೆ ತಿರುಗಿದ್ದರೆ ಗುದ್ದಲಿಯಲ್ಲಿ ಎರಡು ಸಲ ಎಳೆದು ಚರಂಡಿಗೆ ತಿರುಗಿಸ್ತಾನೆ. ಆಮೇಲೆ ಹತ್ತಿಸ್ತಾನೆ, ಚಕ್ರ ಒಂದು ಸುತ್ತೂ ಸುಮ್ಮನೆ ತಿರುಗದ ಹಾಗೆ. 'ಗಾಡಿ ಹತ್ತಿಸೋದು ರಸ್ತೆ ಮಾರಾಯ್ರೆ. ಅದನ್ನ ಕೆತ್ತಿ ಹಾಕಿದ್ರೆ ನಾಳೆ ಎಂತದ್ರ ಮೇಲೆ ಹತ್ತಿಸ್ತೀರಿ?' ಅಂತ ಒಂದು ದಿನ ಕೇಳಿದ.

ಈಗ ನಮ್ಮ ವೀಕೆಂಡ್ ವೀರರ ವಿಷಯಕ್ಕೆ ಬರೋಣ. ಹೋದ ವರ್ಷ ಜುಲೈನ ಒಂದು ಭಾನುವಾರ ಹದಿನಾಲ್ಕು ಗಾಡಿಗಳ ಸಾಲೊಂದು ನಮ್ಮ ರಸ್ತೆಗೆ ಬಂತು. ಬಂದವರು ಕೆಟ್ಟವರಲ್ಲ. ನಮ್ಮ ನಿಮ್ಮ ಹಾಗೇ ಸ್ಟ್ಯಾಂಡಪ್ ಮೀಟಿಂಗು, ಅಪ್ರೈಸಲ್ಲು ಅಂತ ಬೇಯೋ ಜನ. ಅವರಿಗೆ ನಮ್ಮ ಏರು ಒಂದು 'ಅಬ್‌ಸ್ಟಕಲ್'. ಒಬ್ಬೊಬ್ಬರೇ ಆಕ್ಸಿಲರೇಟರ್ ಒತ್ತಿ, ನಾಲ್ಕೂ ಚಕ್ರ ತಿರುಗಿಸಿ, ಕೆಸರು ಹಾರಿಸಿ ಹತ್ತಿದರು. ಸರಿಯಾದ ವಿಡಿಯೋ ಬರದ ಇಬ್ಬರು ಕೆಳಗಿಳಿದು ಮತ್ತೊಮ್ಮೆ ಹತ್ತಿದರು. ಹಲ್ಲು ಹಲ್ಲಿನ ಆ ಮಡ್ ಟೈರ್ ಇದೆಯಲ್ಲ, ಅದು ತಿರುಗಿದಷ್ಟೂ ತನ್ನೊಳಗಿನ ಕೆಸರನ್ನ ಹೊರಗೆ ಎಸೆದು ಹೊಸ ಮಣ್ಣಿಗೆ ಹಲ್ಲು ಹಾಕುತ್ತೆ. ಅದರ ಕೆಲಸವೇ ಅದು. ಅಂದ್ರೆ ರಸ್ತೆಯನ್ನ ಅಗೆಯೋದು.

ಮಣ್ಣು ರಸ್ತೆ ಅಂದ್ರೆ ಸುಮ್ಮನೆ ಬಿದ್ದಿರೋ ಮಣ್ಣಲ್ಲ ಸ್ವಾಮಿ, ಅದೂ ಇಂಜಿನಿಯರಿಂಗ್. ನಡು ಎತ್ತರ, ಎರಡೂ ಕಡೆ ತಗ್ಗು, ಪಕ್ಕದಲ್ಲಿ ಚರಂಡಿ. ನೀರು ರಸ್ತೆ ಮೇಲೆ ನಿಲ್ಲಬಾರದು, ರಸ್ತೆ ಉದ್ದಕ್ಕೂ ಹರಿಯಬಾರದು, ಇಷ್ಟೇ ಸೂತ್ರ. ಚಕ್ರದ ಗುರುತು ಒಮ್ಮೆ ಚರಂಡಿಗಿಂತ ಆಳವಾಯ್ತು ಅಂದ್ರೆ ಅದೇ ಚರಂಡಿ. ಆಮೇಲೆ ಇನ್ನೊಂದು ಗಾಡಿ ಬರೋದೂ ಬೇಡ. ಒಂದು ರಾತ್ರಿಯ ಮಳೆ ಉಳಿದ ಕೆಲಸ ಮಾಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇವರು ಮಾಡಿದ್ದು ಪ್ರೊಡಕ್ಷನ್ ಸರ್ವರ್ ಮೇಲೆ ಲೋಡ್ ಟೆಸ್ಟ್. ಅದೂ ಬೇರೆಯವರ ಕಂಪನಿಯದ್ದು, ಅವರನ್ನ ಕೇಳದೆ.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಡಯಾಲಿಸಿಸ್‌ಗೆ ಹೋಗಬೇಕಿತ್ತು. ವಾರಕ್ಕೆ ಎರಡು ಸಲ ಹೋಗ್ತಾರೆ, ಅದು ಹಾದಿ ಆರಲಿ ಅಂತ ಕಾಯೋ ಕೆಲಸ ಅಲ್ಲ. ಪಿಕಪ್ ಏರಿನ ಅರ್ಧಕ್ಕೆ ಹೋಗಿ ಒಂದು ಕಡೆಯ ಚಕ್ರ ಹೊಸ ಕಾಲುವೆಗೆ ಇಳಿದು ಕೂತಿತು. ನನ್ನ ಗಾಡಿಯಲ್ಲಿ ಹಗ್ಗ ಕಟ್ಟಿ ಅದನ್ನ ಹಿಂದಕ್ಕೆ ಎಳೆಯೋಕೆ ಮುಕ್ಕಾಲು ಗಂಟೆ ಹಿಡೀತು. ಅಷ್ಟರಲ್ಲಿ ಅಜ್ಜಿಯನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕೊಡೆ ಹಿಡಿದು, ನಾಲ್ಕು ಜನ ಡಾಂಬರಿನ ತನಕ ಹೊತ್ಕೊಂಡು ಹೋದರು. ನಡುವೆ ಎರಡು ಸಲ ಕುರ್ಚಿ ಇಳಿಸಬೇಕಾಯ್ತು, ಕಾಲು ನಿಲ್ಲುತ್ತಿರಲಿಲ್ಲ. ಅಜ್ಜಿ ದಾರಿಯುದ್ದಕ್ಕೂ 'ನನ್ನಿಂದ ನಿಮಗೆಲ್ಲ ತೊಂದ್ರೆ' ಅಂತಿದ್ರು. ಆ ಮಾತನ್ನ ಯಾರು ಆಡಬೇಕಿತ್ತೋ ಅವರು ಆಗ ನೈಸ್ ರೋಡಿನ ಟ್ರಾಫಿಕ್ಕಲ್ಲೋ ಆಫೀಸಿನ ಪಾರ್ಕಿಂಗಲ್ಲೋ ಇದ್ದಿರಬೇಕು.

'ಸರ್ಕಾರ ಡಾಂಬರು ಹಾಕಬೇಕಿತ್ತು, ನಮ್ಮನ್ನ ಯಾಕೆ ಬೈತೀರಿ?' ಅಂತ ಕೇಳಬಹುದು. ಕೇಳಿ. ಹಾಕಬೇಕಿತ್ತು ನಿಜ. ಆದರೆ ಯಾಕೆ ಬಂದಿಲ್ಲ ಅನ್ನೋದನ್ನೂ ಕೇಳಿಸಿಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಊರು ಅಂದ್ರೆ ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟಿದ ಮನೆಗಳು. ಒಂದು ರಸ್ತೆ ಬಂದ್ರೆ ಇಡೀ ಊರಿಗೆ ಬಂದ ಹಾಗೆ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಮನೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಲೆಕ್ಕ ನೋಡಿ: ಬಯಲು ಪ್ರದೇಶದಲ್ಲಿ ಒಂದು ಜನವಸತಿಗೆ ರಸ್ತೆ ಬೇಕಂದ್ರೆ 500 ಜನ ಇರಬೇಕು. ಹಿಮಾಚಲ, ಉತ್ತರಾಖಂಡ, ಈಶಾನ್ಯದ ಗುಡ್ಡಗಾಡು ರಾಜ್ಯಗಳಿಗೆ 250 ಸಾಕು. ಮಲೆನಾಡು ಎಷ್ಟೇ ಗುಡ್ಡಗಾಡಾಗಿದ್ದರೂ ಕರ್ನಾಟಕ ಆ ರಾಜ್ಯಗಳ ಪಟ್ಟಿಯಲ್ಲಿಲ್ಲ. ನಮ್ಮ ರಸ್ತೆಗೆ ಇರೋದು ಒಂಬತ್ತು ಮನೆ. ಯಾವ ಲೆಕ್ಕಕ್ಕೆ ಬರ್ತೀವಿ ಹೇಳಿ. ಹಾಗಾಗಿ ಮಳೆ ಬಿಟ್ಟ ಮೇಲೆ ಮನೆಗಿಷ್ಟು ಅಂತ ವಂತಿಗೆ ಎತ್ತಿ, ಜೆಸಿಬಿ ಕರೆಸಿ, ಜಲ್ಲಿ ಹಾಕಿಸಿ, ಮೂರು ದಿನ ಎಲ್ಲರೂ ಸೇರಿ ಕೆಲಸ ಮಾಡ್ತೀವಿ. ನಿಮ್ಮ 'ಅನ್‌ಟಚ್ಡ್ ಟ್ರಯಲ್' ಇರೋದು ಒಂಬತ್ತು ಮನೆಯವರು ವರ್ಷಾ ವರ್ಷಾ ಮುಟ್ಟಿ ಮುಟ್ಟಿ ರಿಪೇರಿ ಮಾಡಿರೋದ್ರಿಂದ.

ಇನ್ನು ಕೆಲವರು ಹಳ್ಳಕ್ಕೇ ಇಳಿಯೋರು. 2020ರ ಥಾರ್‌ನ ಬ್ರೋಷರಿನಲ್ಲಿ 650 ಮಿಲಿಮೀಟರ್ ನೀರಲ್ಲಿ ಓಡುತ್ತೆ ಅಂತಿದೆ. ಇಂಜಿನ್ನಿಗೆ ನೀರು ಹೋಗದೆ ಎಷ್ಟು ಆಳ ದಾಟಬಹುದು ಅನ್ನೋ ಲೆಕ್ಕ ಅದು, ನೀರಿನ ಸೆಳವಿನ ಲೆಕ್ಕ ಅಲ್ಲ. ಜೋರಾಗಿ ಹರಿಯೋ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಬಹುದು, ಎರಡು ಅಡಿ ಇದ್ದರೆ ಬಹುತೇಕ ಎಲ್ಲ ಗಾಡಿಗಳನ್ನೂ ಎಳ್ಕೊಂಡು ಹೋಗುತ್ತೆ. 650 ಮಿಲಿಮೀಟರ್ ಅಂದ್ರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ, ಲೆಕ್ಕ ನೀವೇ ಹಾಕಿ. ಕೊಚ್ಚಿಹೋದ ಮೇಲೆ ಹಗ್ಗ ಹಿಡ್ಕೊಂಡು ನೀರಿಗಿಳಿಯೋದು ಊರಿನ ಹುಡುಗರು. ಕಾಡಿನೊಳಗೆ ನುಗ್ಗೋರ ಬಗ್ಗೆ ಹೆಚ್ಚು ಹೇಳಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಅಷ್ಟು ಸಾಕು.

'ನಾವು ಬಂದ್ರೆ ತಾನೆ ನಿಮ್ಮೂರಿಗೆ ದುಡ್ಡು' ಅನ್ನೋ ವಾದಕ್ಕೆ ಸ್ವಲ್ಪ ತೂಕ ಇದೆ. ಹೋಂಸ್ಟೇಯವರಿಗೆ ಖಂಡಿತ ಲಾಭ. ಹಾಗಾದ್ರೆ ಕೊಡಚಾದ್ರಿಗೆ ಹೋಗಿ, ಕೊಡಗಿನ ಮಾಂದಲಪಟ್ಟಿಗೆ ಹೋಗಿ. ಅಲ್ಲಿ ಬಾಡಿಗೆ ಜೀಪಿದೆ. ಆ ಡ್ರೈವರ್ ಅಣ್ಣಂದಿರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ನಿಮ್ಮ ಜೊತೆ ಮಾತಾಡ್ತಾ ಓಡಿಸೋ ದಾರಿಯಲ್ಲಿ ಕೂತು ಬನ್ನಿ, ಬೆನ್ನುಮೂಳೆ ಎಷ್ಟಿದೆ ಅಂತ ಎಣಿಸಿಕೊಳ್ಳಬಹುದು. ದುಡ್ಡು ನೇರವಾಗಿ ಅವರಿಗೇ ಹೋಗುತ್ತೆ. ಸ್ವಂತ ಕೈಯಲ್ಲೇ ಓಡಿಸೋ ಚಟ ಇದ್ರೆ ಅದಕ್ಕಂತಲೇ ಮಾಡಿರೋ ಖಾಸಗಿ ಟ್ರ್ಯಾಕ್‌ಗಳಿವೆ, ಕೇಳಿ ಒಪ್ಪಿಸಿ ಬಳಸಬಹುದಾದ ಎಸ್ಟೇಟುಗಳಿವೆ. ಅಲ್ಲಿ ಎಷ್ಟು ಬೇಕೋ ಅಷ್ಟು ಅಗೆಯಿರಿ. ನನಗೂ ಕರೆದ್ರೆ ಬರ್ತೀನಿ, ನಿಜವಾಗಿ. ಡಿಫರೆನ್ಷಿಯಲ್ ಲಾಕ್ ಹಾಕಿ ಗಾಡಿ ಹತ್ತಿಸೋದರ ಮಜಾ ನನಗೂ ಗೊತ್ತು.

ನಮ್ಮಪ್ಪ ಮಳೆಗಾಲದಲ್ಲಿ ಒಮ್ಮೆ ಬಂದಿದ್ದ. ಇಲ್ಲಿ ಕೆಸರಲ್ಲಿ ಗಾಡಿ ಓಡಿಸೋಕೆ ಬೆಂಗಳೂರಿಂದ ಜನ ಬರ್ತಾರೆ ಅಂದಾಗ ಅವನಿಗೆ ನಂಬಿಕೆ ಬರಲಿಲ್ಲ. 'ರೊಕ್ಕಾ ಕೊಟ್ಟು ಬರ್ತಾರೇನೋ ತಮ್ಮಾ?' ಅಂತ ಎರಡು ಸಲ ಕೇಳಿದ. ಆಮೇಲೆ, 'ಹಂಗಾರ ನಮ್ಮೂರಿಗೂ ಕಳಸು. ಎರಿ ಹೊಲದಾಗ ಒಂದ್ ದಿನ ಬಿಡೋಣು' ಅಂದ. ಆಹ್ವಾನ ಈಗಲೂ ಇದೆ. ಟ್ರ್ಯಾಕ್ಟರಿನಲ್ಲಿ ಎಳೆದು ಹೊರಗೆ ಹಾಕೋ ಬಾಡಿಗೆ ಮಾತ್ರ ಬೇರೆ.

ಅಜ್ಜಿಯನ್ನ ಹೊತ್ತ ಆ ವಾರದಲ್ಲೇ ಊರಿನವರು ರಸ್ತೆಯ ಬಾಯಿಗೆ ಒಂದು ಉಣುಗೋಲು ಹಾಕಿದರು. ಬೀಗ ಇಲ್ಲ, ಎತ್ತಿ ಸರಿಸಿದರೆ ಬರಬಹುದು. ಸಾಲಾಗಿ ಬಂದವರು ಮಾತ್ರ ಪಕ್ಕದ ಮನೆಯಲ್ಲಿ ಕೇಳಬೇಕು. ಕಳೆದ ವಾರ ಹಳೆ ಆಫೀಸಿನ ಹುಡುಗನೊಬ್ಬ ಮೆಸೇಜ್ ಮಾಡಿದ್ದ: 'ಬ್ರೋ, ನಿಮ್ಮನೆ ಹತ್ರ ಸೂಪರ್ ಟ್ರಯಲ್ ಇದ್ಯಂತೆ, ಪಿನ್ ಕಳ್ಸಿ.' ಪಿನ್ ಕಳಿಸಿದೀನಿ. ಜೊತೆಗೆ ನವೆಂಬರಿನ ಎರಡನೇ ಶನಿವಾರ ಬೆಳಿಗ್ಗೆ ಏಳು ಗಂಟೆ ಅಂತಾನೂ ಹಾಕಿದೀನಿ, ಜಲ್ಲಿ ಹರಡೋ ಕೆಲಸ ಶುರುವಾಗೋದು ಅವತ್ತು. ಗುದ್ದಲಿ, ಬುಟ್ಟಿ, ಮಧ್ಯಾಹ್ನದ ಊಟ ನಮ್ಮ ಕಡೆಯಿಂದ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.